ಬಿದಿರಿನ ನಾದ, ಹಿರಿಯರ ನಿಕ್ಷೇಪ



ದೇವಾಲಯದ ಶತಮಾನೋತ್ಸವವನ್ನು ಕೊಂಡಾಡುವಾಗ ಹಿರಿಯರು ನಮ್ಮ ಕೈಗೊಪ್ಪಿಸಿದುದನ್ನು ಕಾಯುವ ಹೊಣೆಯನ್ನೂ ನೆನೆಯಬೇಕು. ಫಿಲಿಪ್ಪೀನ್ಸ್ ದೇಶದ ಲಾಸ್ ಪಿನ್ಯಾಸ್ ಧರ್ಮಕೇಂದ್ರ ಇದಕ್ಕೊಂದು ಉತ್ತಮ ನಿದರ್ಶನ.

ಸ್ಪೇನಿನಿಂದ ಬಂದ ವಂದನೀಯ ದಿಯೇಗೊ ಸೆರಾ ಸ್ವಾಮಿಗಳು ಅಲ್ಲಿನ ಸಂತ ಜೋಸೆಫರ ದೇವಾಲಯಕ್ಕಾಗಿ 1816ರಲ್ಲಿ ಕೊಳವೆ ಆರ್ಗನ್ನಿನ ನಿರ್ಮಾಣಕ್ಕೆ ಕೈಹಾಕಿದರು. ಬಿದಿರನ್ನು ಕಡಿಸಿ, ಹುಳು ಹಿಡಿಯದಂತೆ ಕಡಲತೀರದ ಮರಳಿನಲ್ಲಿ ಹೂಳಿಸಿದರು. 1824ರಲ್ಲಿ ಕೆಲಸ ಮುಗಿದಾಗ 1,031 ಕೊಳವೆಗಳಲ್ಲಿ 902 ಬಿದಿರಿನವು, ಉಳಿದವು ಲೋಹದವು. ಆ ನೆಲದ ಬಿದಿರೇ ದೇವಸ್ತುತಿಯ ನಾದವಾಯಿತು.

ಭೂಕಂಪ, ಬಿರುಗಾಳಿಗಳಿಗೆ ಸಿಕ್ಕಿ ವಾದ್ಯವು ಶಿಥಿಲವಾಯಿತು. ಆದರೂ ಅದನ್ನು ಕೈಬಿಡಲಿಲ್ಲ. 1973ರಲ್ಲಿ ಬಿಚ್ಚಿ, ಜರ್ಮನಿಯ ಬಾನ್ ನಗರದಲ್ಲಿರುವ ಕ್ಲೈಸ್ ಕಾರ್ಯಾಗಾರಕ್ಕೆ ಸಾಗಿಸಲಾಯಿತು. ಚಳಿನಾಡಿನ ಒಣಹವೆಗೆ ಬಿದಿರು ಸೀಳದಿರಲೆಂದು ಅಲ್ಲಿ ಅದರ ತಾಯ್ನಾಡಿನಂತಹ ಬೆಚ್ಚನೆಯ, ತೇವದ ಹವೆಯ ಕೋಣೆಯನ್ನು ಅಣಿಗೊಳಿಸಿದರು. ಅದೇ ಕಾಲದಲ್ಲಿ ದೇವಾಲಯದ ಜೀರ್ಣೋದ್ಧಾರವೂ ನಡೆಯಿತು. 1975ರಲ್ಲಿ ಆರ್ಗನ್ ಮರಳಿ ಬಂದು ಮತ್ತೆ ಮೊಳಗಿತು.

ಜೀರ್ಣೋದ್ಧಾರದಲ್ಲಿ ಮುಖ್ಯವಾದುದು ಮೂಲದ ದನಿಯನ್ನು ಉಳಿಸುವುದು. ಕೊಳವೆಯ ಬಾಯಿಯನ್ನು ಅರಿಯದ ಕೈ ಕೊರೆದರೆ ಹಿರಿಯರು ಕೇಳಿದ ಸ್ವರ ಮತ್ತೆ ದೊರೆಯದು. ಕೊಳವೆ ಆರ್ಗನ್ನನ್ನು ಉನ್ನತ ಗೌರವದಿಂದ ಕಾಣಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಬೋಧಿಸಿತು.

ಆದುದರಿಂದ ಪ್ರಿಯರೇ, ದೇವಾಲಯದ ಹಳೆಯ ವಾದ್ಯವಾಗಲಿ, ಗಂಟೆಯಾಗಲಿ, ಕೆಟ್ಟಿತೆಂದು ಗುಜರಿಗೆ ಹಾಕುವ ಮುನ್ನ ಬಲ್ಲವರಿಗೆ ತೋರಿಸೋಣ. ನೂರು ವರ್ಷ ಪ್ರಾರ್ಥಿಸಿದವರ ದನಿ ಅದರಲ್ಲಿದೆ. ಅದನ್ನು ಮುಂದಿನವರಿಗೆ ಒಪ್ಪಿಸುವ ತಾಳ್ಮೆಯನ್ನು ದೇವರು ನಮಗೆ ಅನುಗ್ರಹಿಸಲಿ.