ಸಹಿಗೆ ಮುನ್ನ ವಕೀಲರು: ಪಶ್ಚಿಮ ತಾಲ್ಲೂಕುಗಳ ಒಣಭೂಮಿ ಮತ್ತು ದೀರ್ಘ ಗುತ್ತಿಗೆ

(ಉಪನ್ಯಾಸದ ಪಠ್ಯ)



ಮಲೆನಾಡಿನ ಪರಿಸರ ಹೋರಾಟಗಳಿಗೆ ನ್ಯಾಯಾಲಯ ಹೊಸದಲ್ಲ. 1984ರಲ್ಲಿ ಸ್ಥಾಪನೆಯಾದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಊರೊಟ್ಟಿನ ಭೂಮಿಯನ್ನು ಗುತ್ತಿಗೆ ಕೊಟ್ಟಾಗ ಸಮಾಜ ಪರಿವರ್ತನ ಸಮುದಾಯವು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಅದೇ ಸಂಸ್ಥೆ 2009ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಳು ನಿಂತವು. 2013ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಇಂತಹ ಅನುಭವದಿಂದಾಗಿ ವಕೀಲರು ಎಂದೊಡನೆ ಕಾರ್ಯಕರ್ತರ ಕಣ್ಣೆದುರು ನಿಲ್ಲುವುದು ಬೆಂಗಳೂರು, ದೆಹಲಿಯ ಹಿರಿಯ ನ್ಯಾಯವಾದಿಗಳು ಮತ್ತು ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು. ಆದರೆ ಅದೇ ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಭೂಮಿಯ ಬಳಕೆ ಬದಲಾಗುತ್ತಿರುವುದು ಯಾವ ಸರ್ಕಾರಿ ಆದೇಶದಿಂದಲೂ ಅಲ್ಲ. ಛಾಪಾ ಕಾಗದದ ಮೇಲೆ ಒಬ್ಬೊಬ್ಬ ರೈತ ಪ್ರತ್ಯೇಕವಾಗಿ ಹಾಕುವ ಸಹಿಯಿಂದ ಅದು ಬದಲಾಗುತ್ತಿದೆ. ಆ ಸಹಿಯ ವೇಳೆಗೆ ಪಕ್ಕದಲ್ಲಿ ಇರಬೇಕಾದವರು ತಾಲ್ಲೂಕು ಕೇಂದ್ರದ ಅನುಭವಿ ವಕೀಲರು. ಅವರು ಹೆಚ್ಚಾಗಿ ಇರುವುದಿಲ್ಲ.

ಈ ಸೀಮೆಯ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸಿನದು. ಕೂಡ್ಲಿಗಿ, ಕೊಟ್ಟೂರಿನ ಕಡೆ ಆಳವಿಲ್ಲದ ಕೆಂಪು ಮಣ್ಣು, ಹಡಗಲಿಯ ತುಂಗಭದ್ರೆಯ ದಂಡೆಯತ್ತ ಎರೆ. ಮೆಕ್ಕೆಜೋಳ, ಶೇಂಗಾ, ಜೋಳ, ನವಣೆಗಳ ಬೇಸಾಯ ಮಳೆಯನ್ನೇ ನಂಬಿದೆ. ಮೂರು ವರ್ಷಕ್ಕೊಮ್ಮೆ ಕೈಕೊಡುವ ಬೆಳೆಯನ್ನು ನೋಡಿ ಬೇಸತ್ತ ರೈತನ ಹೊಲಕ್ಕೆ, ಊರಿನವರು ಫ್ಯಾನು ಎಂದು ಕರೆಯುವ ಗಾಳಿಯಂತ್ರದ ಕಂಪನಿಯೋ ಸೌರ ವಿದ್ಯುತ್ತಿನ ಕಂಪನಿಯೋ ನಿಶ್ಚಿತ ಬಾಡಿಗೆಯ ಮಾತನ್ನು ಹೊತ್ತು ಬಂದರೆ ಆತ ಒಪ್ಪುವುದು ಸಹಜ. ಅದನ್ನು ಮೂರ್ಖತನವೆಂದು ದೂರದಿಂದ ತೀರ್ಮಾನಿಸುವವರು ಒಂದು ಮುಂಗಾರನ್ನು ಕೊಟ್ಟೂರಿನ ಹೊಲದಲ್ಲಿ ಕಳೆದು ನೋಡಬೇಕು. ಪಾವಗಡದ ಸೌರ ಪಾರ್ಕಿನಲ್ಲಿ ರೈತರು ಸುಮಾರು 13,000 ಎಕರೆಯನ್ನು 28 ವರ್ಷಗಳ ಗುತ್ತಿಗೆಗೆ ಕೊಟ್ಟರು. ಆರಂಭದ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಅಲ್ಲಿ ಗುತ್ತಿಗೆ ಪಡೆದದ್ದು ಸರ್ಕಾರಿ ಪಾಲಿನ ಕಂಪನಿ, ಷರತ್ತು ಎಲ್ಲರಿಗೂ ಒಂದೇ. ಖಾಸಗಿ ಗುತ್ತಿಗೆಯಲ್ಲಿ ನೆರೆಯವನ ಷರತ್ತೇನೆಂಬುದೇ ರೈತನಿಗೆ ಗೊತ್ತಿರುವುದಿಲ್ಲ.

ಇಂತಹ ಕರಾರು ಪತ್ರವೊಂದನ್ನು ಎದುರಿಗಿಟ್ಟುಕೊಂಡು ನೋಡಬಹುದು. ಹೆಚ್ಚಿನವು ಇಂಗ್ಲಿಷಿನಲ್ಲಿರುತ್ತವೆ. ಗುತ್ತಿಗೆಯ ಜೊತೆಗೆ ಒಂದು ಅಧಿಕಾರ ಪತ್ರಕ್ಕೂ ಸಹಿ ಕೇಳಲಾಗುತ್ತದೆ. ಕಂಪನಿಯು ತನ್ನ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬಹುದು, ಬ್ಯಾಂಕಿಗೆ ಒತ್ತೆಯಿಡಬಹುದು ಎಂಬ ಕಲಮು ಇರಬಹುದು. ಕಂಪನಿ ಯಾವಾಗ ಬೇಕಾದರೂ ಹೊರನಡೆಯಬಹುದು, ರೈತನಿಗೆ ಆ ದಾರಿ ಇಲ್ಲ ಎಂದೂ ಇರಬಹುದು. ವ್ಯಾಜ್ಯ ಬಂದರೆ ದೂರದ ಮಹಾನಗರದಲ್ಲಿ ಮಧ್ಯಸ್ಥಗಾರರ ಮುಂದೆ ಇತ್ಯರ್ಥ ಎಂಬ ಸಾಲು ಕೊನೆಯ ಪುಟದಲ್ಲಿರುತ್ತದೆ; ಹಡಗಲಿಯ ರೈತ ಮುಂಬಯಿಗೆ ಹೋಗಿ ಬಾಡಿಗೆ ಬಾಕಿಗೆ ವಾದಿಸಬೇಕೆಂಬುದು ಅದರ ತಾತ್ಪರ್ಯ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಆಗದಿದ್ದರೆ ಅದರ ಷರತ್ತುಗಳನ್ನು ಸಾಬೀತುಪಡಿಸಲು ಆ ಪತ್ರವನ್ನು ಸಾಕ್ಷ್ಯವಾಗಿ ಬಳಸಲು ಬರುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆಯಂತೆ ಗುತ್ತಿಗೆಯೂ ಪರಭಾರೆಯೇ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಅದು ನಿಲ್ಲುವುದಿಲ್ಲ. ಪಿತ್ರಾರ್ಜಿತ ಭೂಮಿಯಲ್ಲಿ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅಣ್ಣತಮ್ಮಂದಿರಷ್ಟೇ ಸಹಿ ಹಾಕಿದ ಕರಾರು ಮುಂದೆ ಮನೆಯನ್ನೇ ಒಡೆಯಬಲ್ಲದು.

ಇದಕ್ಕಿಂತ ಜಟಿಲವಾದದ್ದು ದಾಖಲೆಗಳ ಸ್ಥಿತಿ. ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಮೂಲ ಸರ್ವೆ, ಇನಾಂ ದಾಖಲೆಗಳು ಆ ಪದ್ಧತಿಯವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಒಂದೇ ಸರ್ವೆ ನಂಬರಿನ ಕಾಗದಗಳು ಮೂರು ಜಿಲ್ಲಾ ಕಚೇರಿಗಳಲ್ಲಿ ಹರಡಿರಬಹುದು. ದಾವಣಗೆರೆಯ ಭಾಗವಾಗಿದ್ದಾಗ ಹೈಕೋರ್ಟ್ ಎಂದರೆ ಬೆಂಗಳೂರು, ಈಗ ಧಾರವಾಡ ಪೀಠ. ಕೂಡ್ಲಿಗಿಯಿಂದ ಬೇರ್ಪಟ್ಟು ತಾಲ್ಲೂಕಾದ ಕೊಟ್ಟೂರಿನ ಹಳೆಯ ಕಾಗದಗಳನ್ನು ಕೂಡ್ಲಿಗಿಯಲ್ಲಿ ಹುಡುಕಬೇಕಾಗಬಹುದು. ಪಹಣಿಯ ಹೆಸರು, ಪೋಡಿಯಾಗದ ಹಿಸ್ಸೆ, ಆಕಾರಬಂದಿನ ವಿಸ್ತೀರ್ಣ ಇವು ಒಂದಕ್ಕೊಂದು ತಾಳೆಯಾಗದಿರುವುದನ್ನು ಮೊದಲ ನೋಟಕ್ಕೇ ಕಾಣುವವರು ಇಪ್ಪತ್ತು ವರ್ಷ ಅದೇ ತಾಲ್ಲೂಕು ಕಚೇರಿಯ ಕಟ್ಟೆಯಲ್ಲಿ ಕುಳಿತು ಎದ್ದವರು.

ಎಲ್ಲ ಬಗೆಯ ಪ್ರಕರಣಗಳನ್ನು ನಡೆಸುವ ವಕೀಲರ ಮಹತ್ವ ಇರುವುದು ಇಲ್ಲಿ. ನಗರದಲ್ಲಿ ಇಂದು ಆಸ್ತಿಗೊಬ್ಬ, ತೆರಿಗೆಗೊಬ್ಬ, ಕುಟುಂಬಕ್ಕೊಬ್ಬ ವಕೀಲರುಂಟು. ರೈತನ ತೊಂದರೆ ಹಾಗೆ ವಿಂಗಡವಾಗಿ ಬರುವುದಿಲ್ಲ. ಒಂದು ಗುತ್ತಿಗೆಯ ಜಗಳದೊಳಗೆ ಪಾಲು ವಿಭಾಗದ ದಾವೆ, ಉಪವಿಭಾಗಾಧಿಕಾರಿಯ ಮುಂದಿನ ಖಾತೆ ಮೇಲ್ಮನವಿ, ದಾರಿ ಅಡ್ಡಗಟ್ಟಿದ್ದಕ್ಕೆ ಪೊಲೀಸ್ ದೂರು, ಬ್ಯಾಂಕಿನ ಸಾಲ ಎಲ್ಲವೂ ಹೆಣೆದುಕೊಂಡಿರುತ್ತವೆ. ಕೂಡ್ಲಿಗಿಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 50ಕ್ಕೆ ಜಮೀನು ಹೋದರೆ ಪರಿಹಾರ ಹೆಚ್ಚಿಸಲು ಮೊದಲು ಹೋಗಬೇಕಾದದ್ದು ಸಿವಿಲ್ ಕೋರ್ಟಿಗಲ್ಲ, ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ. ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸಲು ಇರುವುದು 21 ದಿನ. 2013ರ ಭೂಸ್ವಾಧೀನ ಕಾಯ್ದೆಯಡಿ ಅದು 60 ದಿನ. ಬಿತ್ತನೆ ಬೀಜ ಮೊಳೆಯದಿದ್ದರೆ ಗ್ರಾಹಕರ ಆಯೋಗ: 2012ರಲ್ಲಿ ಸುಪ್ರೀಂ ಕೋರ್ಟ್ ಬೀಜ ಕೊಂಡ ರೈತನೂ ಗ್ರಾಹಕನೇ ಎಂದಿತು, ಬಿತ್ತಿ ಮುಗಿದ ಬೀಜದ ಮಾದರಿಯನ್ನು ಆತ ಉಳಿಸಿಟ್ಟಿರಬೇಕೆಂದು ನಿರೀಕ್ಷಿಸಲಾಗದು ಎಂದೂ ಹೇಳಿತು. (ಚೀಲದ ಲೇಬಲ್ಲು ಮತ್ತು ರಸೀದಿಯನ್ನು ಮಾತ್ರ ಎಸೆಯಬಾರದು.) ಯಾವ ಬಾಗಿಲು, ಯಾವ ಗಡುವು ಎಂಬುದನ್ನು ಬಲ್ಲವರೇ ಮೊದಲು ಬೇಕಾದವರು. ವಿಶೇಷ ತಜ್ಞರು ಬೇಕಾದರೆ ಅವರೇ ತೋರಿಸಿಕೊಡುತ್ತಾರೆ.

ಇಂತಹವರನ್ನು ಹುಡುಕುವುದು ಹೇಗೆ? ವಕೀಲರು ಜಾಹೀರಾತು ನೀಡುವಂತಿಲ್ಲ; ಹಾಗಾಗಿ ವಿಚಾರಿಸಿಯೇ ತಿಳಿಯಬೇಕು. ಗೆದ್ದವರನ್ನಷ್ಟೇ ಅಲ್ಲ, ಸೋತ ಕಕ್ಷಿದಾರರನ್ನೂ ಕೇಳುವುದು ಮೇಲು. ಸೋಲಿನ ಸಾಧ್ಯತೆಯನ್ನು ಅವರಿಗೆ ಮೊದಲೇ ತಿಳಿಸಲಾಗಿತ್ತೇ, ಪ್ರತಿ ವಾಯಿದೆಗೆ ವಕೀಲರೇ ಹಾಜರಾಗುತ್ತಿದ್ದರೇ ಎಂಬುದು ಅವರಿಂದ ತಿಳಿಯುತ್ತದೆ. ಮೊದಲ ಭೇಟಿಯಲ್ಲಿ ವಂಶವೃಕ್ಷ, ಮೂಲ ಪತ್ರ, ಋಣಭಾರ ಪತ್ರ ಕೇಳುವ ವಕೀಲರು, ಕಾಗದ ನೋಡುವ ಮೊದಲೇ ಗೆಲುವಿನ ಭರವಸೆ ಕೊಡುವವರಿಗಿಂತ ಉತ್ತಮರು. ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಶುಲ್ಕ ಕೊಡುವವರು ಯಾರು ಎಂಬುದು. ಜಮೀನು ಕೂಡಿಸುವ ಮಧ್ಯವರ್ತಿಯೇ ಕಾರಿನಲ್ಲಿ ವಕೀಲರನ್ನು ಕರೆತಂದು "ನಿಮ್ಮ ಖರ್ಚೂ ನಮ್ಮದೇ" ಎಂದರೆ, ಆ ವಕೀಲರು ರೈತನವರಲ್ಲ. ಒಂದು ಕರಾರಿನಲ್ಲಿ ಕಂಪನಿಗೆ ಸಲಹೆ ಕೊಟ್ಟವರು ಅದೇ ವಿಷಯದಲ್ಲಿ ಎದುರು ಪಕ್ಷದ ವಕಾಲತ್ತು ವಹಿಸುವಂತಿಲ್ಲ ಎಂಬುದು ವಕೀಲರ ಪರಿಷತ್ತಿನ ನಿಯಮವೂ ಹೌದು. ಸಣ್ಣ ಊರಿನಲ್ಲಿ ಸಂಬಂಧಗಳು ಒಳಗೊಳಗೇ ಹೆಣೆದಿರುವುದರಿಂದ ಇದನ್ನು ನೇರವಾಗಿ ಕೇಳಲು ಸಂಕೋಚಪಡಬೇಕಾಗಿಲ್ಲ.

ಶುಲ್ಕವನ್ನು ಮೊದಲೇ ಮಾತಾಡಿ ಬರೆದುಕೊಳ್ಳಬೇಕು, ಕೊಟ್ಟದ್ದಕ್ಕೆ ರಸೀದಿ ಪಡೆಯಬೇಕು. ಪರಿಹಾರದಲ್ಲಿ ಶೇಕಡಾ ಇಷ್ಟು ಪಾಲು ಎಂಬ ಒಪ್ಪಂದ ಭೂಸ್ವಾಧೀನದ ಪ್ರಕರಣಗಳಲ್ಲಿ ಸಾಮಾನ್ಯವಾಗಿದ್ದರೂ ಅದು ನಿಷಿದ್ಧ. 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ವೃತ್ತಿ ದುರ್ನಡತೆ ಎಂದು ಸ್ಪಷ್ಟಪಡಿಸಿದೆ. ಖಾಲಿ ಹಾಳೆಗೆ ಸಹಿ ಹಾಕಬಾರದು. ವಕಾಲತ್ತಿನಲ್ಲಿ ರಾಜಿ ಮಾಡಿಕೊಳ್ಳುವ, ಹಣ ಪಡೆಯುವ ಅಧಿಕಾರವಿದೆಯೇ ಎಂದು ಓದಿಸಿ ಕೇಳಬೇಕು. ಮೂಲ ಪತ್ರಗಳನ್ನು ಮನೆಯಲ್ಲೇ ಇಟ್ಟು ನಕಲನ್ನು ಕೊಡುವುದು ಸೂಕ್ತ. ವಕೀಲರನ್ನು ಬದಲಿಸಬೇಕಾಗಿ ಬಂದರೆ, ಬಾಕಿ ಶುಲ್ಕಕ್ಕಾಗಿ ಕಡತವನ್ನು ಹಿಡಿದಿಡುವ ಹಕ್ಕು ಅವರಿಗಿಲ್ಲವೆಂದು 2000ದಲ್ಲೇ ತೀರ್ಮಾನವಾಗಿದೆ. 2024ರ ಮೇ ತಿಂಗಳ ತೀರ್ಪಿನ ನಂತರ ವಕೀಲರ ಸೇವಾಲೋಪಕ್ಕೆ ಗ್ರಾಹಕರ ಆಯೋಗದಲ್ಲಿ ದೂರು ನಡೆಯದು. ದುರ್ನಡತೆಯ ದೂರು ರಾಜ್ಯ ವಕೀಲರ ಪರಿಷತ್ತಿಗೆ ಹೋಗಬೇಕು. ಆ ದಾರಿ ನಿಧಾನದ್ದು, ಆದ್ದರಿಂದಲೇ ಆಯ್ಕೆಯಲ್ಲಿ ಆತುರ ಸಲ್ಲದು.

ವಕೀಲರಿಗೂ ತಿಳಿಯದ ಸಂಗತಿಗಳುಂಟು. ಗಾಳಿಯಂತ್ರದ ಅಡಿಪಾಯದ ಕಾಂಕ್ರೀಟು, ಕ್ರೇನು ಹೋಗಲು ಹಾಕಿದ ಗರಸು ರಸ್ತೆ, ಒಡೆದ ಬದು, ತಿರುಗಿದ ನೀರಿನ ಹರಿವು ಇವು ಕರಾರಿನ ಭಾಷೆಯಲ್ಲಿ ಕಾಣುವುದಿಲ್ಲ. ಕೆಂಪು ಮಣ್ಣಿನ ಹೊಲದಲ್ಲಿ ಫಲವತ್ತತೆ ಇರುವುದೆಲ್ಲ ಮೇಲಿನ ಒಂದು ಗೇಣಿನಲ್ಲಿ. ಅಗೆಯುವಾಗ ಆ ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ ಮರಳಿ ಹರಡಬೇಕು, ಬದುಗಳನ್ನು ಕಂಪನಿಯೇ ಕಟ್ಟಿಕೊಡಬೇಕು, ಅವಧಿ ಮುಗಿದಾಗ ಕಾಂಕ್ರೀಟು ತೆಗೆಯುವ ಖರ್ಚಿಗೆ ಠೇವಣಿ ಇಡಬೇಕು ಎಂಬ ಕಲಮುಗಳನ್ನು ಸೇರಿಸಲು ಕೃಷಿ ಬಲ್ಲವರ ಒಂದು ಪುಟದ ಟಿಪ್ಪಣಿ ವಕೀಲರ ಕೈಗೆ ಸಿಗಬೇಕು. ಮಲೆನಾಡಿನ ಬಳಗಗಳು ಆ ಸೀಮೆಗೆ ಮಾಡಬಹುದಾದ ಸಹಾಯ ಇದೇ. ಗುಡೇಕೋಟೆಯ ಕರಡಿ ಧಾಮ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಪಕ್ಷಿಧಾಮಗಳ ಸುತ್ತಣ ಹೊಲಗಳ ಗುತ್ತಿಗೆಗಳಿಗೂ ಇಂತಹ ಟಿಪ್ಪಣಿ ಬೇಕು.

ಶುಲ್ಕ ಕೊಡಲಾಗದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ, ಉಚಿತ ನೆರವಿಗೆ ಅರ್ಹರು. ಕಾನೂನು ಸೇವೆ ಎಂಬುದರಲ್ಲಿ ಮೊಕದ್ದಮೆ ಮಾತ್ರವಲ್ಲ, ಸಲಹೆಯೂ ಸೇರಿದೆ. ಸಹಿಗೆ ಮುನ್ನ ಕರಾರನ್ನು ಓದಿ ಹೇಳಿರೆಂದು ಅಲ್ಲಿ ಕೇಳಬಹುದು. ಅರ್ಜಿ ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿದ್ದರೆ ಸಾಕು. ದೂರವಾಣಿ ಸಂಖ್ಯೆ 15100.