ಪೆಟ್ಟಿಗೆಯಲ್ಲಿ ಕಾದಿದ್ದ ಜೀರುಂಡೆ

ಹೊಸ ಜೀವಿಪ್ರಭೇದ ಸಿಗುವುದು ಕಾಡಿನಲ್ಲೇ ಎಂದು ನೀವು ಭಾವಿಸಿರಬಹುದು. ಆದರೆ ಚಾರ್ಲ್ಸ್ ಡಾರ್ವಿನ್ 1832ರಲ್ಲಿ ಅರ್ಜೆಂಟೀನಾದ ಬಹಿಯಾ ಬ್ಲಾಂಕಾದಲ್ಲಿ ಸಂಗ್ರಹಿಸಿದ ಜೀರುಂಡೆಯೊಂದಕ್ಕೆ ಹೆಸರು ದೊರೆತದ್ದು 2014ರಲ್ಲಿ!

ಲಂಡನ್ನಿನ ವಸ್ತುಸಂಗ್ರಹಾಲಯದಿಂದ ಎರವಲು ಪಡೆದ ಮಾದರಿಗಳ ನಡುವೆ ಕೀಟವಿಜ್ಞಾನಿ ಸ್ಟಿಲಿಯಾನೋಸ್ ಚಾಟ್ಜಿಮನೋಲಿಸ್ ಅದನ್ನು ಗುರುತಿಸಿದರು. ಗಿಡ್ಡ ಮುಂರೆಕ್ಕೆ, ಅದರಾಚೆ ಚಾಚಿದ ಉದ್ದನೆಯ ಉದರ: ಇವು ರೋವ್ ಜೀರುಂಡೆಗಳ ಲಕ್ಷಣ. ಇದಕ್ಕೋ ಹಸಿರು-ನೀಲಿ ಹೊಳಪಿನ ತಲೆ, ಗರಗಸದಂತಹ ಕುಡಿಮೀಸೆ. ಹೀಗಾಗಿ ಹೊಸ ಕುಲವನ್ನೇ ರಚಿಸಿ ‘ಡಾರ್ವಿನಿಲಸ್ ಸೆಡಾರಿಸಿ’ ಎಂದು ಹೆಸರಿಟ್ಟರು.

ಆಗ ತಿಳಿದಿದ್ದ ಮಾದರಿಗಳು ಎರಡೇ. ಎರಡನೆಯದೂ 1935ಕ್ಕಿಂತ ಹಿಂದಿನದು. ಅವು ಸಿಕ್ಕ ಪ್ರದೇಶದ ಬಹುಭಾಗ ಈಗ ಕೃಷಿಭೂಮಿ. ಹೆಸರು ಬರುವಷ್ಟರಲ್ಲಿ ಜೀವಿಯೇ ಅಳಿದಿದ್ದರೆ?

ನೀವು ಕೀಟ ಸಂಗ್ರಹಿಸಿದಾಗ ಊರು, ದಿನಾಂಕ ಬರೆದಿಡಿ. ಆ ಚೀಟಿಯೇ ನಾಳೆ ಸಾಕ್ಷಿಯಾದೀತು.