ಅಧಿಕಾರವನ್ನು ಪ್ರಶ್ನಿಸುವ ಓದು

ಮಗಳು ವಿಶ್ವವಿದ್ಯಾಲಯದಲ್ಲಿ ರಾಜಕೀಯ ತತ್ವಶಾಸ್ತ್ರ ಓದುತ್ತೇನೆ ಎಂದರೆ, ‘ಅದರಿಂದೇನು ಪ್ರಯೋಜನ?’ ಎಂದು ಮನೆಯವರು ಕೇಳುವುದುಂಟು. ಉತ್ತರಕ್ಕಾಗಿ ಶಿಗ್ಗಾವಿ ತಾಲ್ಲೂಕಿನ ಬಂಕಾಪುರದತ್ತ ನೋಡೋಣ.

ಹತ್ತನೆಯ ಶತಮಾನದಲ್ಲಿ ಇದು ಜೈನ ವಿದ್ಯೆಯ ದೊಡ್ಡ ನೆಲೆ. ಅಜಿತಸೇನಾಚಾರ್ಯರು ಇಲ್ಲಿನ ಗುರುಗಳು. ಹಲವು ಯುದ್ಧಗಳನ್ನು ಗೆದ್ದ ಗಂಗ ದೊರೆ ಮಾರಸಿಂಹ ರಾಜ್ಯ ತೊರೆದು, ವರ್ಷದ ನಂತರ ಈ ಗುರುಗಳ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ (ಆಮರಣ ಉಪವಾಸ) ವ್ರತವಿದ್ದು ದೇಹ ಬಿಟ್ಟನೆಂದು ಶ್ರವಣಬೆಳಗೊಳದ ಕಂಬದ ಶಾಸನ ಹೇಳುತ್ತದೆ. ಅರಸನಿಗಿಂತ ದೊಡ್ಡದೊಂದಿದೆ ಎಂಬುದನ್ನು ಅರಸನೇ ಒಪ್ಪಿದ ಊರಿದು.

ಸಮೀಪದ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ರಾಗಿ, ಭತ್ತಗಳನ್ನು ವಾದಕ್ಕೆ ನಿಲ್ಲಿಸಿದರು. ಯಾವುದು ಮೇಲೆಂದು ಪರೀಕ್ಷಿಸಲು ಎರಡನ್ನೂ ಇಟ್ಟ ಆರು ತಿಂಗಳ ಸೆರೆಯಲ್ಲಿ ಭತ್ತ ಕಳೆಗುಂದಿತು, ರಾಗಿ ಗಟ್ಟಿಯಾಗಿಯೇ ಉಳಿಯಿತು. ಹುಟ್ಟಿನಿಂದ ಬಂದ ಹಿರಿಮೆ ನ್ಯಾಯವೇ ಎಂಬ ಪ್ರಶ್ನೆಯನ್ನು ಬಡವರ ಕಾಳೊಂದು ರಾಜಸಭೆಯಲ್ಲೇ ಎತ್ತಿತು.

ಯಾರು ಆಳಬೇಕು, ಯಾವುದು ನ್ಯಾಯ ಎಂದು ಪ್ಲೇಟೋ ಕೇಳಿದರು, ಅಂಬೇಡ್ಕರ್ ಕೇಳಿದರು. ತರಗತಿಯಲ್ಲಿ ಅವರನ್ನು ಓದುವ ಮಕ್ಕಳು ಕನಕರನ್ನೂ ಜೊತೆಗಿಟ್ಟು ಓದಲಿ. ಮತ ಹಾಕುವ ಪ್ರತಿಯೊಬ್ಬರೂ ಆಳುವವರ ಪಾಲುದಾರರೇ. ಪ್ರಶ್ನಿಸಲು ಕಲಿತ ಪ್ರಜೆಯೇ ಪ್ರಜಾಪ್ರಭುತ್ವದ ನಿಜವಾದ ಬಲ. ಮಕ್ಕಳು ಈ ಓದನ್ನು ಆರಿಸಿದರೆ ಹೆಮ್ಮೆಯಿಂದ ಕಳುಹಿಸೋಣ.